ಮಂಡಿನೋವಿಗೆ ಲಕ್ಕಿ ಸೊಪ್ಪೋ, ಮೆಣಸಿನ ಮುಲಾಮೋ, ಶಲ್ಲಕಿಯೋ?

ಮೆಟ್ಟಿಲು ಇಳಿಯುವಾಗ ಕಂಬಿ ಹುಡುಕುವಂತೆ ಮಾಡುವ, ವರ್ಷಗಟ್ಟಲೆ ಬಿಡದ ಮಂಡಿನೋವಿಗೆ ಮದ್ದು ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ಇಲ್ಲಿ ಹೋಲಿಸಿರುವುದು ಮಾಡಿ ನೋಡಿದ ಐದನ್ನು: ಲಕ್ಕಿ ಸೊಪ್ಪಿನ ಗಂಟಿನ ಶಾಖ, ಮಹಾನಾರಾಯಣ ತೈಲ, ಮೆಣಸಿನಕಾಯಿಯ ಸತ್ವ ಕ್ಯಾಪ್ಸೈಸಿನ್ ಇರುವ ಮುಲಾಮು, ಅರಿಶಿನ, ಮರದ ಅಂಟಾದ ಶಲ್ಲಕಿ. ಮೊದಲ ಮೂರು ಹೊರಗಿನಿಂದ, ಉಳಿದೆರಡು ಹೊಟ್ಟೆಗೆ. ಒಂದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮಾಡಿ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಇನ್ನೊಂದು ತಿಂಗಳು ಕಳೆದರೂ ಬಾಯಿ ಬಿಡುವುದಿಲ್ಲ. ಹಾಗಾಗಿ ‘ಯಾವುದು ಮೇಲು’ ಅನ್ನುವುದಕ್ಕಿಂತ ‘ಯಾವುದನ್ನು ಎಷ್ಟು ದಿನ ಕಾಯಬೇಕು’ ಅನ್ನುವುದು ಮುಖ್ಯ.

ಅಳೆಯುವ ಬಗೆಯನ್ನು ಮೊದಲು ಹೇಳಿಬಿಡೋಣ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಆನಿಸಿಡಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಂದು ಎಣಿಸಿ. ಜೊತೆಗೆ ನೋವಿಗೆ 0ರಿಂದ 10ರೊಳಗೆ ಒಂದು ಅಂಕ. ದಿನಾ ಒಂದೇ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಮದ್ದು, ಇನ್ನೊಂದಕ್ಕೆ ಹೋಗುವ ಮುಂಚೆ ಎರಡು ವಾರ ಬಿಡುವು. ಇಷ್ಟೆಲ್ಲ ಯಾಕೆಂದರೆ ಮಂಡಿನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನಾವು ಮದ್ದು ಹುಡುಕುವುದು ತಡೆಯಲಾರದಷ್ಟು ಏರಿದ ದಿನ. ನಾಲ್ಕು ದಿನದಲ್ಲಿ ಅದು ಹೇಗೂ ಇಳಿಯುತ್ತಿತ್ತು, ಹೆಸರು ಮಾತ್ರ ಆ ದಿನ ಹಚ್ಚಿದ ಎಲೆಗೆ.

ಲಕ್ಕಿ ಸೊಪ್ಪಿನ ಗಂಟು

ಲಕ್ಕಿ ಗಿಡ ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ಸಿಗುತ್ತದೆ. ಕರಾವಳಿಯವರಿಗೆ ನೆಕ್ಕಿ, ಆಯುರ್ವೇದದವರಿಗೆ ನಿರ್ಗುಂಡಿ. ಅಂಗೈ ಬಿಚ್ಚಿದಂತೆ ಮೂರೋ ಐದೋ ಎಸಳು, ಎಲೆಯ ಅಡಿಭಾಗ ಬೂದಿ ಬಳಿದ ಹಾಗೆ ಬೆಳ್ಳಗೆ, ಉಜ್ಜಿದರೆ ಘಾಟು. ಕಾಳಿಗೆ ಹುಳ ಬೀಳದಿರಲಿ ಎಂದು ಕಣಜಕ್ಕೆ ಹಾಕುತ್ತಿದ್ದದ್ದೂ ಇದೇ ಸೊಪ್ಪು.

ಎರಡು ಗಂಟಿಗೆ ಬೇಕಾದ್ದು: ಹೆಚ್ಚಿದ ಲಕ್ಕಿ ಸೊಪ್ಪು ಕಾಲು ಕೆಜಿ, ಸಿಕ್ಕರೆ ಒಂದೊಂದು ಹಿಡಿ ನುಗ್ಗೆ ಸೊಪ್ಪು ಮತ್ತು ಹುಣಸೆ ಎಲೆ, ಅರ್ಧ ಹೋಳು ಕಾಯಿತುರಿ, ಬಿಲ್ಲೆ ಮಾಡಿದ ಒಂದು ನಿಂಬೆಹಣ್ಣು, ಒಂದು ಚಮಚ ಕಲ್ಲುಪ್ಪು, ಮೂರು ಚಮಚ ಎಳ್ಳೆಣ್ಣೆ. ಸೊಪ್ಪನ್ನು ತೊಳೆದ ಮೇಲೆ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ನೀರು ಪೂರ್ತಿ ಆರಬೇಕು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಮೊದಲು ಕಾಯಿತುರಿ ಮತ್ತು ನಿಂಬೆ, ತುರಿ ಹೊಂಬಣ್ಣಕ್ಕೆ ತಿರುಗಿದಾಗ ಸೊಪ್ಪು, ಕೊನೆಗೆ ಉಪ್ಪು. ಸೊಪ್ಪು ಬಾಡಿ ಘಮ ಬಂದರೆ ಸಾಕು, ಕರಿಯಾಗಬಾರದು. ಮೊಣಕೈ ಉದ್ದದ ಚೌಕ ಹತ್ತಿಬಟ್ಟೆಯಲ್ಲಿ, ಹಳೆಯ ಪಂಚೆಯಾದರೆ ಒಳ್ಳೆಯದು, ಮೂಸಂಬಿ ಗಾತ್ರದ ಎರಡು ಗಂಟು ಕಟ್ಟಿ.

ತವಾಕ್ಕೆ ಒಂದೆರಡು ತೊಟ್ಟು ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಒಂದು ಗಂಟು ಬಿಸಿಯಾಗುತ್ತಿರಲಿ, ಇನ್ನೊಂದು ಕೈಯಲ್ಲಿರಲಿ. ಹಚ್ಚುವವರು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಬೇಕು. ಮೊದಲು ತಟ್ಟಿ ತಟ್ಟಿ ತೆಗೆಯುವುದು, ಬಿಸಿ ಹದಕ್ಕೆ ಬಂದ ಮೇಲೆ ಒತ್ತುವುದು. ಚಿಪ್ಪಿನ ಮೇಲೆ ಒತ್ತಿ ಪ್ರಯೋಜನವಿಲ್ಲ. ಅದರ ಎರಡು ಪಕ್ಕ, ಮೇಲಿನ ತೊಡೆಯ ಸ್ನಾಯು, ಹಿಂದಿನ ಮಡಿಕೆಗಳಲ್ಲಿ ಆರಾಮ ಸಿಗುತ್ತದೆ. ಒಂದು ಗಂಟಿನ ಬಿಸಿ ಎರಡು ಮೂರು ನಿಮಿಷ ನಿಲ್ಲುತ್ತದೆ. ಒಟ್ಟು ಹದಿನೈದು ಇಪ್ಪತ್ತು ನಿಮಿಷ ಸಾಕು.

ಕೆಡುವುದು ಸಾಮಾನ್ಯವಾಗಿ ನಾಲ್ಕು ಕಡೆ. ಸೊಪ್ಪಿನಲ್ಲಿ ನೀರು ಉಳಿದಿದ್ದರೆ ಗಂಟಿನೊಳಗೆ ಹಬೆ ಕೂತು, ಮುಟ್ಟಿದಾಗ ಹದವಾಗಿದ್ದದ್ದು ಒತ್ತಿದೊಡನೆ ಸುಡುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ತವಾಕ್ಕೆ ಅಂಟಿಕೊಳ್ಳುತ್ತದೆ. ಕಾಯಿತುರಿ ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಎರಡು ದಿನಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದು ದೊಡ್ಡದು: ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಅವರಿಗೆ ಈ ಶಾಖ ಬೇಡ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡ ದಿನ ಯಾರಿಗೂ ಬೇಡ.

ಫಲ? ಶಾಖ ಮುಗಿದ ಮೇಲೆ ಎರಡರಿಂದ ಮೂರು ಗಂಟೆ ಹಗುರ. ಐದರಲ್ಲಿ ಅದೇ ದಿನ ಖಾತ್ರಿಯಾಗಿ ಗೊತ್ತಾಗುವುದು ಇದೊಂದೇ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಬರೀ ಕಲ್ಲುಪ್ಪನ್ನು ಹುರಿದು ಕಟ್ಟಿ ಶಾಖ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಆರಾಮ. ಸೊಪ್ಪಿನ ಗಂಟು ಮೆತ್ತಗಿರುತ್ತದೆ, ಚರ್ಮಕ್ಕೆ ಒಗ್ಗುತ್ತದೆ, ಆದರೆ ಕೆಲಸದ ದೊಡ್ಡ ಪಾಲು ಬಿಸಿಯದು. ತೆಂಗಿನಕಾಯಿ ದುಬಾರಿಯಾಗಿದ್ದರೆ ದಿನ ಬಿಟ್ಟು ದಿನ ಉಪ್ಪಿನ ಗಂಟು ಹಿಡಿದರೆ ನಷ್ಟವೇನಿಲ್ಲ.

ಲಕ್ಕಿಯ ಬದಲು ಎಕ್ಕದ ಎಲೆ ಬಿಸಿಮಾಡಿ ಕಟ್ಟುವವರೂ ಇದ್ದಾರೆ. ಅದರ ಹಾಲು ಚರ್ಮವನ್ನು ಬೊಬ್ಬೆ ಎಬ್ಬಿಸುತ್ತದೆ, ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲ್ಪದರ ಮಂಜಾಗುತ್ತದೆ. ಲಕ್ಕಿ ಕೊಡದಂಥದ್ದೇನನ್ನೂ ಎಕ್ಕ ಕೊಡುವುದಿಲ್ಲ.

ಮಹಾನಾರಾಯಣ ತೈಲ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಳ್ಳೆಣ್ಣೆಯಲ್ಲಿ ಹತ್ತಾರು ಮೂಲಿಕೆ ಕಾಯಿಸಿದ ತೈಲ. ಮಂಡಿಗೆ ಎರಡು ಚಮಚ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಹತ್ತು ನಿಮಿಷ ತಿಕ್ಕಿದರೆ ಬೆಳಗಿನ ಬಿಗಿತ ಸಡಿಲುತ್ತದೆ. ತಿಕ್ಕುವ ಕೈ ಚೆನ್ನಾಗಿದ್ದರೆ ಬರೀ ಎಳ್ಳೆಣ್ಣೆಯೂ ನಡೆಯುತ್ತದೆ. ಎಚ್ಚರ ಬೇಕಿರುವುದು ಬಚ್ಚಲಲ್ಲಿ: ಎಣ್ಣೆ ಕಾಲಿನಲ್ಲಿ ಟೈಲ್ಸ್ ಮೇಲೆ ಕಾಲಿಟ್ಟ ಹಿರಿಯರು ಸೊಂಟ ಮುರಿದುಕೊಂಡರೆ ಮಂಡಿನೋವೇ ಎಷ್ಟೋ ಮೇಲಿತ್ತು ಅನಿಸುತ್ತದೆ. ಕೂತಲ್ಲೇ ಕಡಲೆಹಿಟ್ಟಿನಿಂದ ಪಾದ ಒರೆಸಿಕೊಂಡು ಏಳಬೇಕು.

ಮೆಣಸಿನ ಮುಲಾಮು

ಖಾರ ಚರ್ಮಕ್ಕೆ ಉರಿಯಾಗಿ ಕಾಣುವುದು ನರದ ತುದಿಯ ಒಂದು ಗ್ರಾಹಕದಿಂದ. ಬಿಸಿಯನ್ನೂ ಅದೇ ಗ್ರಹಿಸುತ್ತದೆ. ಇದನ್ನು ಮೆಣಸಿನಕಾಯಿಯ ಸತ್ವ ಹಿಡಿದೇ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪದೇ ಪದೇ ಖಾರ ಬಿದ್ದರೆ ಆ ತುದಿಗಳು ದಣಿದು ನೋವಿನ ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತವೆ. ‘ಪದೇ ಪದೇ’ ಅನ್ನುವಲ್ಲೇ ಎಲ್ಲರೂ ಸೋಲುವುದು.

ಬೇಕಿರುವುದು 0.025 ಶೇಕಡಾ ಕ್ಯಾಪ್ಸೈಸಿನ್. ಒಂದು ಮಂಡಿಗೆ ಬಟಾಣಿಯಷ್ಟು, ದಿನಕ್ಕೆ ನಾಲ್ಕು ಸಲ, ಬಿಳಿ ಮಾಯವಾಗುವ ತನಕ ಸವರಬೇಕು. ಮೊದಲ ವಾರ ಉರಿ. ಎರಡನೇ ವಾರ ಉರಿ ಇಳಿದು ನೋವೂ ಇಳಿಯತೊಡಗುತ್ತದೆ, ಪೂರ್ತಿ ಫಲಕ್ಕೆ ನಾಲ್ಕು ವಾರ. ನೋವಾದಾಗ ಮಾತ್ರ ಹಚ್ಚಿಕೊಂಡರೆ ಪ್ರತಿ ಸಲವೂ ಮೊದಲ ದಿನದ ಉರಿಯೇ ಸಿಗುತ್ತದೆ, ಆರಾಮ ಸಿಗುವುದಿಲ್ಲ. ‘ಅದು ನನಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಮೂರನೇ ದಿನ ಟ್ಯೂಬು ಎಸೆದವರು.

ಬಿಸಿನೀರ ಸ್ನಾನಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಹಚ್ಚಬೇಡಿ, ಉರಿ ಭುಗಿಲೇಳುತ್ತದೆ. ಲಕ್ಕಿ ಗಂಟು ಮತ್ತು ಈ ಮುಲಾಮು ಒಂದೇ ಮಂಡಿಗೆ ಒಂದೇ ದಿನ ಬೇಡವೇ ಬೇಡ. ಖಾರ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಬೆರಳಿಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಮನೆಯಲ್ಲೇ ಮೆಣಸಿನಕಾಯಿ ಎಣ್ಣೆ ಕಾಯಿಸುವ ಸಾಹಸ ಬೇಡ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಗುಂಟೂರು ಖಾರಕ್ಕೆ, ಯಾವ ಬಾಣಲೆಯಲ್ಲಿ ಎಷ್ಟು ಖಾರ ಇಳಿಯಿತೆಂದು ಯಾರಿಗೂ ಗೊತ್ತಾಗದು.

ಟ್ಯೂಬಿನ ಹಿಂಬದಿಯನ್ನು ಕನ್ನಡಕ ಹಾಕಿಕೊಂಡು ಓದಿ. ಔಷಧಿ ಅಂಗಡಿಯ ಬಹುಪಾಲು ನೋವಿನ ಜೆಲ್‌ಗಳಲ್ಲಿ ನೋವುನಿವಾರಕ ಡೈಕ್ಲೊಫೆನಾಕ್ 1.16, ಮೀಥೈಲ್ ಸ್ಯಾಲಿಸಿಲೇಟ್ 10, ಮೆಂಥಾಲ್ 5, ಅಗಸೆ ಎಣ್ಣೆ 3 ಶೇಕಡಾ, ಕೆಲವದರಲ್ಲಿ ಅದರ ಜೊತೆಗೆ ಕ್ಯಾಪ್ಸೈಸಿನ್ ಇರುತ್ತದೆ. ಕೆಟ್ಟದ್ದೇನಲ್ಲ, ಮಂಡಿಗೆ ಒಳ್ಳೆಯದೇ. ಆದರೆ ಅಲ್ಲಿ ಮುಖ್ಯ ಕೆಲಸ ಡೈಕ್ಲೊಫೆನಾಕ್‌ನದು, ಗಿಡಮೂಲಿಕೆಯದಲ್ಲ.

ಅರಿಶಿನ

ಲೆಕ್ಕ ಹಾಕೋಣ. ಒಂದು ಟೀ ಚಮಚ ಅರಿಶಿನ ಸುಮಾರು 3 ಗ್ರಾಂ. ಅದರಲ್ಲಿ ಅರಿಶಿನದ ಸತ್ವ ಕರ್ಕ್ಯುಮಿನ್ ನೂರಕ್ಕೆ ಮೂರು ಎಂದರೂ 90 ಮಿಲಿಗ್ರಾಂ. ಥಾಯ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಂಡಿ ಸವೆತದವರಿಗೆ ನಾಲ್ಕು ವಾರ ದಿನಕ್ಕೆ 1500 ಮಿಲಿಗ್ರಾಂ ಅರಿಶಿನ ಸಾರ ಕೊಟ್ಟಾಗ ಅದು 1200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗೆ ಕಡಿಮೆಯಾಗಲಿಲ್ಲ, ಹೊಟ್ಟೆಯ ತೊಂದರೆಯೂ ಕಡಿಮೆ. ಆ ಪ್ರಮಾಣಕ್ಕೆ ಹದಿನಾರು ಹದಿನೇಳು ಚಮಚ ಪುಡಿ ಬೇಕು. ರಾತ್ರಿಯ ಅರಿಶಿನ ಹಾಲು ನಿದ್ದೆಗೆ ಹಿತವಾಗಿರಬಹುದು, ಮಂಡಿಗೆ ಮದ್ದಾಗುವಷ್ಟು ಅದರಲ್ಲಿಲ್ಲ.

ಕಾಳುಮೆಣಸು ಸೇರಿಸುವ ಮಾತಿಗೆ ಆಧಾರ ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000 ಶೇಕಡಾ ಏರಿತು. ಇಪ್ಪತ್ತು ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ ಎಂಟು ಹತ್ತು ಕಾಳು. ಆದರೆ ಬಾಗಿಲು ಅರಿಶಿನಕ್ಕೊಂದೇ ತೆರೆಯುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್‌ನಂಥ ಮಾತ್ರೆಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಆಸ್ಪಿರಿನ್ ನುಂಗುವವರು ವೈದ್ಯರನ್ನು ಕೇಳದೆ ಅರಿಶಿನದ ಗುಳಿಗೆಗೆ ಕೈಹಾಕಬಾರದು. ಪೈಪರಿನ್ ಸೇರಿಸಿದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅವತ್ತೇ ನಿಲ್ಲಿಸಿ.

ಶಲ್ಲಕಿ

ಹೊಟ್ಟೆಗೆ ತೆಗೆದುಕೊಳ್ಳುವ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಮ್ಮ ಮತ ಶಲ್ಲಕಿಗೆ. ಇದು ಒಣ ಕಾಡಿನ ಮರವೊಂದರ ಅಂಟು. ನಾಗಪುರದಲ್ಲಿ 30 ಮಂಡಿ ರೋಗಿಗಳಿಗೆ 333 ಮಿಲಿಗ್ರಾಂ ಸಾರವನ್ನು ದಿನಕ್ಕೆ ಮೂರು ಸಲ ಎಂಟು ವಾರ ಕೊಟ್ಟು, ಆಮೇಲೆ ಗುಂಪು ಅದಲುಬದಲು ಮಾಡಿ ನೋಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ನೋವು ಇಳಿಯಿತು, ನಡೆಯುವ ದೂರ ಹೆಚ್ಚಿತು, ಎಕ್ಸ್‌ರೇಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಮಂಡಿಯ ಮೂಳೆಗಳ ನಡುವೆ ಸವೆದ ಮೆತ್ತೆ ಮತ್ತೆ ಬೆಳೆಯುತ್ತದೆ ಎಂದು ಮಾರುವವರಿಗೆ ಈ ಕೊನೆಯ ಸಾಲು ತೋರಿಸಬಹುದು.

ಊಟದ ಮಧ್ಯೆ, ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಸೇರುವುದು ತೀರಾ ಕಡಿಮೆ, ಎದೆಯುರಿ ಬೇರೆ. ಮೊದಲ ಮೂರು ವಾರ ಕ್ಯಾಲೆಂಡರಿನ ಅಂಕ ಅಲ್ಲಾಡದಿದ್ದರೆ ಬೇಸರ ಬೇಡ. ಎಂಟು ವಾರವಾದರೂ ಎರಡು ಅಂಕ ಇಳಿಯದಿದ್ದರೆ ನಿಲ್ಲಿಸಿ, ದುಡ್ಡು ಉಳಿಸಿ. ಕೊಳ್ಳುವಾಗ ಸಾರ ಎಷ್ಟು, ಅದರಲ್ಲಿ ಕೆಲಸ ಮಾಡುವ ಅಂಶವಾದ ಬಾಸ್ವೆಲಿಕ್ ಆಮ್ಲ ಎಷ್ಟು ಶೇಕಡಾ ಎಂದು ಬರೆದಿರುವ ಡಬ್ಬಿಯನ್ನೇ ಕೇಳಿ. ಗ್ರಂಥಿಗೆ ಅಂಗಡಿಯಲ್ಲಿ ಧೂಪಕ್ಕೆ ಮಾರುವ ಸಾಂಬ್ರಾಣಿ, ಹಾಲುಮಡ್ಡಿ ಸಾಮಾನ್ಯವಾಗಿ ಬೇರೆ ಬೇರೆ ಮರದವು, ಅವನ್ನು ಪುಡಿಮಾಡಿ ನುಂಗಬಾರದು.

ಒಂದೇ ದಿನದಲ್ಲಿ ಗುಣವಾದರೆ

ಐದರಲ್ಲಿ ಯಾವುದೂ ನೋವನ್ನು 8ರಿಂದ 1ಕ್ಕೆ ರಾತ್ರೋರಾತ್ರಿ ಇಳಿಸುವುದಿಲ್ಲ. ಹಾಗೆ ಇಳಿಸುವ, ಹೆಸರಿಲ್ಲದ ಪೊಟ್ಟಣದ ‘ನಾಟಿ ಪುಡಿ’ ಸಿಕ್ಕಿತೆಂದರೆ ಅದರಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ಬೆರೆತಿರುವ ಗುಮಾನಿ ಬರಬೇಕು. ಒಂದೆರಡು ವಾರದಲ್ಲಿ ಹಸಿವು ಹೆಚ್ಚುತ್ತದೆ, ಆಮೇಲೆ ಮುಖ ದುಂಡಗೆ ಊದಿಕೊಳ್ಳುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಕಾರಣವಿಲ್ಲದೆ ಏರುತ್ತವೆ. ಗೊತ್ತಾದ ಕೂಡಲೇ ಹೆದರಿ ದಿಢೀರನೆ ಬಿಡುವುದು ಇನ್ನೊಂದು ಅಪಾಯ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಹೊರಗಿನಿಂದ ಬಂದಾಗ ದೇಹ ತನ್ನದನ್ನು ಮಾಡುವುದನ್ನು ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿದು ಬೀಳುವ ಮಟ್ಟಕ್ಕೆ ಹೋಗಬಹುದು. ಉಳಿದ ಪುಡಿಯನ್ನು ಎಸೆಯದೆ, ದಿನಕ್ಕೆ ಎಷ್ಟು ಚಿಟಿಕೆ, ಎಷ್ಟು ದಿನದಿಂದ ಎಂಬುದನ್ನು ಪೊಟ್ಟಣದ ಮೇಲೇ ಬರೆದು, ಅವತ್ತೇ ವೈದ್ಯರ ಮೇಜಿನ ಮೇಲಿಡಿ.