ರ‍್ಯಾಮ್ ಹಾಕಿಸಬೇಕಾ, ಎಸ್‌ಎಸ್‌ಡಿನಾ?

ರಾಯಚೂರಿನ ನಮ್ಮನೇಲಿ ಹಳೇ ಲ್ಯಾಪ್‌ಟಾಪ್ ಆನ್ ಮಾಡಿ, ಬೀದಿ ತುದಿಗೆ ಹೋಗಿ ಒಗ್ಗರಣೆ ಮಿರ್ಚಿ ತಿಂದು, ಚಹಾ ಕುಡಿದು ಬಂದರೂ ಅದು ಇನ್ನೂ ಗಿರಗಿರ ಅಂತ ಸುತ್ತುತ್ತಲೇ ಇರುತ್ತಿತ್ತು. ಅಂಗಡಿಯವರು ರ‍್ಯಾಮ್ (ತೆರೆದ ಕೆಲಸಗಳನ್ನು ಇಟ್ಟುಕೊಳ್ಳೋ ತಾತ್ಕಾಲಿಕ ಮೆಮೊರಿ) ಹಾಕಿಸಿ ಅಂದರು. ಸುಮ್ನೆ ಒಪ್ಪಬೇಡಿ, ಮೊದಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಮೆಮೊರಿ, ಡಿಸ್ಕ್ ಎಷ್ಟು ಬಳಕೆಯಾಗ್ತಿದೆ ಅಂತ ತೋರಿಸೋದು) ತೆರೆಯಿರಿ. ಮೆಮೊರಿ ಸದಾ ಶೇ 90 ದಾಟಿದ್ದರೆ ರ‍್ಯಾಮ್ ಸರಿ. ಮೆಮೊರಿ ಅರ್ಧ ಖಾಲಿ ಇದ್ದು, ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿದ್ದರೆ ಅನುಮಾನ ಫೈಲ್‌ಗಳನ್ನೆಲ್ಲ ಇಡೋ ಹಾರ್ಡ್ ಡಿಸ್ಕ್ ಮೇಲೆ. ಒಳಗಿಂದ ಟಿಕ್ ಟಿಕ್ ಸದ್ದೂ ಬರುತ್ತಿದೆಯಾ? ಡಿಸ್ಕ್ ಕೈಕೊಡೋ ಲಕ್ಷಣ ಅದು, ಬೇರೆಲ್ಲ ಬಿಟ್ಟು ಫೋಟೊ, ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ.

ಡಿಸ್ಕ್ ಬದಲಿಸೋದಾದರೆ ಹೊಸ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ (ತಿರುಗೋ ಭಾಗವಿಲ್ಲದೆ ಚಿಪ್‌ನಲ್ಲಿ ಫೈಲ್ ಇಡೋ ಡ್ರೈವ್) ಹಾಕಿಸಬಹುದು. ಅದೇ ದುಡ್ಡಿಗೆ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಜಾಸ್ತಿ, ನಿಜ. ಆದರೆ ಅದು ಓದೋದು ಸೆಕೆಂಡಿಗೆ 100 ಎಂಬಿ ಆಸುಪಾಸು, ಸಾಟಾ (ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಜೋಡಿಸೋ ಬಗೆ) ಎಸ್‌ಎಸ್‌ಡಿ 500ರ ಹತ್ತಿರ. ಮದುವೆ ವಿಡಿಯೊ ಇಡೋಕೆ ಹಾರ್ಡ್ ಡಿಸ್ಕ್ ಸಾಕು, ವಿಂಡೋಸ್‌ಗೆ ಎಸ್‌ಎಸ್‌ಡಿನೇ ಹಾಕಿಸಿ.