ಅಡಿಕೆ ತೋಟದ ಅಂಚಿನಲ್ಲಿ ರೆಡ್‌ಟೇಲ್ ಕ್ಯಾಟ್‌ಫಿಶ್: ಅಂಗಡಿ, ಹಾಳೆ ಮತ್ತು ಕೊಳದ ವಿಮರ್ಶೆ

ನಾಲ್ಕು ವರ್ಷಗಳ ಹಿಂದೆ ಮಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಲ್ಲಿ 3 ಇಂಚಿನ ಎರಡು ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಗಳನ್ನು ಕೊಳ್ಳುವಾಗ, ಇವು ಎಷ್ಟು ದೊಡ್ಡದಾಗುತ್ತವೆ ಎಂದು ಕೇಳಿದ್ದೆ. "ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲುತ್ತದೆ ಅಣ್ಣಾ" ಎಂದರು ಅಂಗಡಿಯವರು. ಮರಿಗಳು ಆರೋಗ್ಯವಾಗಿದ್ದವು, ಬೆಲೆಯೂ ಹೆಚ್ಚಿರಲಿಲ್ಲ; ಆದರೂ ಈ ಒಂದು ಮಾತಿಗಾಗಿ ಆ ಅಂಗಡಿಯನ್ನು ನಾನು ಯಾರಿಗೂ ಸೂಚಿಸಲಾರೆ. ಅಮೆಜಾನ್ ಮತ್ತು ಒರಿನೊಕೊ ನದಿಗಳ ಈ ಮೀನು ತನ್ನ ನೆಲೆಯಲ್ಲಿ 4 ಅಡಿ ಉದ್ದ, 40 ಕಿಲೋ ತೂಕ ಮೀರಬಲ್ಲದು. ಇಕ್ಕಟ್ಟಾದ ತೊಟ್ಟಿಯಲ್ಲಿ ಅದರ ಬೆಳವಣಿಗೆ ಕುಂಠಿತವಾದರೆ ಅದು ಮೀನು ಹೊಂದಿಕೊಂಡದ್ದರ ಗುರುತಲ್ಲ, ನೀರು ಕೆಟ್ಟದ್ದರ ಗುರುತು.

ವರ್ಷ ತುಂಬುವುದರೊಳಗೆ 4 ಅಡಿಯ ಗಾಜಿನ ತೊಟ್ಟಿಯಲ್ಲಿ ಅವು ತಿರುಗಲು ಒದ್ದಾಡತೊಡಗಿದ್ದರಿಂದ, ಪುತ್ತೂರು ಸಮೀಪದ ನಮ್ಮ ಮನೆಯ ಹಿತ್ತಿಲಲ್ಲಿ 20 ಅಡಿ ಉದ್ದ, 12 ಅಡಿ ಅಗಲ, 5 ಅಡಿ ಆಳದ ಕೊಳ ತೋಡಿಸಿ, ಸುಮಾರು 34,000 ಲೀಟರ್ ನೀರು ಹಿಡಿಯುವಂತೆ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ತೋಟದ ಟ್ಯಾಂಕುಗಳಿಗೆ ಹಾಳೆ ಹಾಕುವ ತಂಡವೊಂದು ಈ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿತು. ಮುರಕಲ್ಲಿನ ಚೂಪು ಅಂಚುಗಳು ಹಾಳೆಗೆ ತಾಗದಂತೆ ಅವರು ಮೊದಲು ಮರಳು ಹರಡಿ, ಅದರ ಮೇಲೆ ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹಾಸಿದ್ದು ನನಗೆ ಬಹಳ ಹಿಡಿಸಿತು. ಮೂರು ಮಳೆಗಾಲ ಕಳೆದರೂ ಹಾಳೆಯಲ್ಲಿ ಒಂದು ತೂತೂ ಬಿದ್ದಿಲ್ಲ.

ಅವರು ಹೇಳದೆ ಬಿಟ್ಟ ಸಂಗತಿಯೊಂದಿದೆ. ಮೊದಲ ವರ್ಷದ ಜುಲೈಯಲ್ಲಿ ನೀರು ಬದಲಿಸೋಣವೆಂದು ಕೊಳವನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಾಗ, ನೆಲದೊಳಗಿನ ಒರತೆಯ ನೀರು ಅಡಿಯಿಂದ ಒತ್ತಿ, ಹಾಳೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ ಮೇಲೆದ್ದಿತು; ಮೀನುಗಳೆರಡೂ ಒಂದು ಮೂಲೆಯಲ್ಲಿ ಸಿಕ್ಕಿಕೊಂಡವು. ತಕ್ಷಣ ಬಾವಿಯ ನೀರು ತುಂಬಿಸಿದ ಮೇಲೆ ಹಾಳೆ ಮತ್ತೆ ನೆಲ ಹಿಡಿಯಿತು. ಅಂದಿನಿಂದ ಮಳೆಗಾಲದಲ್ಲಿ ಒಮ್ಮೆಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ನೀರು ತೆಗೆಯುವುದಿಲ್ಲ.

ಅಡಿಕೆ ಬೆಳೆಗಾರರು ಇದಕ್ಕಿಂತಲೂ ಗಮನಿಸಬೇಕಾದದ್ದು ಮದ್ದು ಬಿಡುವ ದಿನ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ತಾಮ್ರ ಮೀನುಗಳಿಗೆ ವಿಷ, ಮೈಮೇಲೆ ಹುರುಪೆಯಿಲ್ಲದ ಈ ಜಾತಿಗಳಂತೂ ಅದನ್ನು ತಾಳಲಾರವು. ಅಡಿಕೆ ಮರಗಳಿಂದ ಕೊಳ ಕನಿಷ್ಠ 30 ಅಡಿ ದೂರವಿರಲಿ ಎಂದು ಈಗ ಹೇಳುತ್ತೇನೆ, ನನ್ನದು 15 ಅಡಿಯಷ್ಟೇ ಇದೆ. ಹೀಗಾಗಿ ಮದ್ದು ಬಿಡುವ ಮುನ್ನ ಕೊಳದ ಮೇಲೆ ಟರ್ಪಾಲು ಎಳೆಯುತ್ತೇನೆ; ತೋಟದಿಂದ ಹರಿದು ಬರುವ ಮಳೆನೀರನ್ನು ತಡೆಯಲು ಸುತ್ತ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿದ್ದೇನೆ.

ತಂಡವು ಕೊಟ್ಟ ಫಿಲ್ಟರಿಗೆ ನನ್ನ ಅಂಕ ಕಡಿಮೆ. ಸ್ಪಂಜು ತುಂಬಿದ 200 ಲೀಟರಿನ ಮೂರು ಡ್ರಮ್ಮುಗಳು ಕೋಯಿ ಮೀನಿಗೆ ಸಾಕಾಗುತ್ತಿದ್ದವೇನೋ, ಇವುಗಳ ಕಸಕ್ಕೆ ವಾರದೊಳಗೆ ಕಟ್ಟಿಕೊಂಡವು. ಡ್ರಮ್ಮುಗಳಿಗಿಂತ ಮೊದಲು 1000 ಲೀಟರಿನ ಹಳೆಯ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಸ್ಪಂಜು ತುಂಬದೆ ಇಟ್ಟು, ಕಸ ಅಲ್ಲಿ ತಂಗಿದ ಮೇಲೆ ನೀರು ಡ್ರಮ್ಮಿಗೆ ಹೋಗುವಂತೆ ಮಾಡಿದ ನಂತರವೇ ನೀರಿನಲ್ಲಿ ಮೀನಿನ ಕಸದಿಂದ ಹುಟ್ಟುವ ವಿಷವಾದ ಅಮೋನಿಯಾ ಸೊನ್ನೆಗೆ ಇಳಿಯಿತು.

ಇಷ್ಟೆಲ್ಲ ತಾಪತ್ರಯದ ಫಲ ಸಂಜೆ ಹೊತ್ತಿಗೆ ಕಾಣುತ್ತದೆ. ಕಟ್ಟೆಯ ಮೇಲೆ ಕುಳಿತು ನೀರು ತಟ್ಟಿದರೆ, ಕಪ್ಪು ಬೆನ್ನಿನ ಮೀನು ತಳದಿಂದ ನಿಧಾನವಾಗಿ ಎದ್ದು ಬಂದು, ಮೊದಲು ಮೀಸೆಗಳಿಂದ ನನ್ನ ಬೆರಳನ್ನು ಸವರಿ, ಆಮೇಲೆ ಬಾಯಿ ತೆರೆಯುತ್ತದೆ. ಬೂತಾಯಿ (ಸಾರ್ಡೀನ್) ಮೀನು ಒಳಹೋದ ಸದ್ದು ಜಗಲಿಗೂ ಕೇಳುತ್ತದೆ. ಕೆಂಪು ಬಾಲ ಕಾಣುವುದು ಅದು ತಿರುಗಿ ಹೋಗುವಾಗ ಮಾತ್ರ. ಬೂತಾಯಿ ಹೆಚ್ಚಾದರೆ ನೀರಿನ ಮೇಲೆ ಎಣ್ಣೆಯ ಪದರ ನಿಲ್ಲುವುದರಿಂದ ಈಗ ವಾರಕ್ಕೆರಡು ದಿನ ಮಾತ್ರ, ಅದೂ ತುಂಡು ಲೆಕ್ಕದಲ್ಲಿ ಹಾಕುತ್ತೇನೆ. ಬಾಯಿಗೆ ಹಿಡಿಸುವುದನ್ನೆಲ್ಲ ಈ ಮೀನು ನುಂಗುತ್ತದೆ: ಪಂಪಿನ ಜಾಲರಿ ಮುಚ್ಚಳವನ್ನೇ ನುಂಗಿ ಎರಡು ದಿನ ಬಿಟ್ಟು ಉಗುಳಿತ್ತು. ಸಣ್ಣ ಮೀನುಗಳನ್ನು ಜೊತೆಗೆ ಬಿಡುವ ಆಸೆ ಇದ್ದರೆ ಕೈಬಿಡುವುದು ಒಳ್ಳೆಯದು.

ಹೊಸಬರು ಕೇಳಿದರೆ, ಅಂಗಡಿಗಳಲ್ಲಿ 'ಶಾರ್ಕ್' ಎಂದು ಮಾರುವ ಪಂಗಾಸಿಯಸ್ ನೋಡಿ ಎನ್ನುತ್ತೇನೆ. ಮೆಕಾಂಗ್ ನದಿಯ ಈ ಮೀನೂ 4 ಅಡಿಯವರೆಗೆ ಬೆಳೆಯುತ್ತದೆ, ಪುಕ್ಕಲು, ಸದ್ದಿಗೆ ಬೆದರಿ ಗೋಡೆಗೆ ಹೊಡೆದುಕೊಳ್ಳುತ್ತದೆ. ಆದರೆ ಗಾಳಿಯನ್ನೂ ಉಸಿರಾಡುವುದರಿಂದ ಕರೆಂಟು ಹೋದ ರಾತ್ರಿಗಳನ್ನು ಕಳೆಯಬಲ್ಲದು. ನಮ್ಮ ಮುಗುಡು ಮೀನಿನಂತೆಯೇ ಕಾಣುವ ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಕೊಡಲು ಬಂದರೆ ಬೇಡವೆನ್ನಿ, ಅದರ ಸಾಕಣೆಗೆ ನಿಷೇಧವಿದೆ. 2018ರ ನೆರೆಯ ನಂತರ ಕೇರಳದ ನದಿಗಳಲ್ಲಿ ದಕ್ಷಿಣ ಅಮೆರಿಕದ ದೈತ್ಯ ಮೀನು ಅರಪೈಮಾದಂಥ ಸಾಕು ಮೀನುಗಳು ಬಲೆಗೆ ಬಿದ್ದಿದ್ದವು. ದೇವರ ಮೀನೆಂದು ಜನ ಅಕ್ಕಿ ಹಾಕುವ ಪೆರುವೋಲು ಇರುವ ಕುಮಾರಧಾರಾ ನದಿಗೆ ರೆಡ್‌ಟೇಲ್ ಸೇರಬಾರದೆಂದು ಕೋಡಿಯ ಕೊಳವೆಗೆ ಎರಡು ಪದರ ಜಾಲರಿ ಬಿಗಿದಿದ್ದೇನೆ.

ಈಗ ದೊಡ್ಡದು 3 ಅಡಿಯ ಹತ್ತಿರವಿದೆ, ಈ ಕೊಳ ಒಂದಕ್ಕೇ ಸರಿ. ಇನ್ನೊಂದನ್ನು ಮರಳಿ ಪಡೆಯುತ್ತೀರಾ ಎಂದು ಹಿಂದಿನ ತಿಂಗಳು ಆ ಅಂಗಡಿಗೇ ಫೋನ್ ಮಾಡಿ ಕೇಳಿದೆ. ಅಷ್ಟು ದೊಡ್ಡ ಮೀನಿಗೆ ತಮ್ಮಲ್ಲಿ ತೊಟ್ಟಿಯೇ ಇಲ್ಲ ಎಂದರು.