ಏರ್ ರೈಫಲ್‌ಗೆ ಮಾಲಿ ಪೇಸ್ಟ್: ಎರಡು ತಿಂಗಳು ಬಳಸಿದ ಮೇಲೆ

ತುಮಕೂರಿನ ಒಂದು ಸ್ಪೇರ್ಸ್ ಅಂಗಡಿಯಲ್ಲಿ ಗ್ರೀಸ್ ಕೇಳಿದಾಗ ಬೇರಿಂಗ್ ಗ್ರೀಸ್ ಕೊಟ್ಟರು. ಅದನ್ನೇ ನನ್ನ 4.5 ಮಿ.ಮೀ. ಸ್ಪ್ರಿಂಗ್ ರೈಫಲ್‌ನ ಪಿಸ್ಟನ್‌ಗೆ ಧಾರಾಳವಾಗಿ ಬಳಿದೆ. ಮೊದಲ ಗುಂಡಿಗೇ ಢಂ ಅಂತ ಸದ್ದು, ನಳಿಗೆಯಿಂದ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಸ್ಪ್ರಿಂಗ್ ತಳ್ಳಿ ಪಿಸ್ಟನ್ ನುಗ್ಗಿದಾಗ ಮುಂದಿನ ಗಾಳಿ ಒತ್ತಿಕೊಂಡು ವಿಪರೀತ ಬಿಸಿಯಾಗುತ್ತದೆ. ಎಣ್ಣೆ ಅಲ್ಲೇ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ಥರ. ಹೀಗೇ ಹೊಡೆಯುತ್ತಿದ್ದರೆ ಪಿಸ್ಟನ್ ತುದಿಯ ಸೀಲೂ ಸ್ಪ್ರಿಂಗೂ ಹಾಳು.

ಆಮೇಲೆ ಆನ್‌ಲೈನ್‌ನಲ್ಲಿ ಮಾಲಿ ಪೇಸ್ಟ್ ತರಿಸಿದೆ. ಮಾಲಿ ಎಂದರೆ ಮಾಲಿಬ್ಡಿನಮ್ ಡೈಸಲ್ಫೈಡ್, ಉಜ್ಜಾಟ ಕಡಿಮೆ ಮಾಡುವ ಪುಡಿ; ಅದು ಜಾಸ್ತಿ ಇರುವ ಕಪ್ಪು ಪೇಸ್ಟ್. ಹಳೇ ಗ್ರೀಸ್ ಪೂರ್ತಿ ಒರೆಸಿದೆ. ಪಿಸ್ಟನ್‌ನ ಹಿಂಭಾಗಕ್ಕೆ, ಕಾಕಿಂಗ್ ಲಿಂಕ್ (ಪಿಸ್ಟನ್ ಹಿಂದಕ್ಕೆ ಸರಿಸುವ ಸರಳು) ಉಜ್ಜುವ ಜಾಗಕ್ಕೆ ಬೆರಳಿನಿಂದ ತಿಕ್ಕಿದೆ. ಸೀಲ್‌ನ ಅಂಚಿಗೆ ಬಣ್ಣ ಹತ್ತುವಷ್ಟು ಮಾತ್ರ. ಸೀಲ್‌ನ ಮುಖಕ್ಕೆ ಏನೂ ಇಲ್ಲ. ಸ್ಪ್ರಿಂಗ್‌ಗೆ ಬೇರೆ ಅಂಟು ಗ್ರೀಸ್, ತೆಳ್ಳಗೆ. ದಪ್ಪ ಬಳಿದರೆ ಗುಂಡಿನ ವೇಗ ಇಳಿಯುತ್ತದೆ. ಮಾಲಿ ಬದಲು ಸಿಲಿಕೋನ್ ಎಣ್ಣೆ ಹಾಕಬಹುದಲ್ಲ ಅಂದರೆ, ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಲೋಹಕ್ಕೆ ಲೋಹ ಉಜ್ಜುವ ಕಡೆ ಅದು ಸಾಲದು.

ಮೊದಲ ಇಪ್ಪತ್ತು ಮೂವತ್ತು ಗುಂಡಿಗೆ ಸ್ವಲ್ಪ ಹೊಗೆ ಬಂತು, ಆಮೇಲೆ ನಿಂತಿತು. ಸ್ಪ್ರಿಂಗ್‌ನ ಟಂಯ್ ಅನ್ನೋ ಸದ್ದು ಹೋಗಿದೆ. ನಮ್ಮ ತೋಟದಲ್ಲಿ ಹತ್ತು ಮೀಟರ್‌ನಿಂದ ಹೊಡೆದರೆ ಗುಂಡುಗಳು ಈಗ ಒಂದೇ ಕಡೆ ಬೀಳುತ್ತಿವೆ. ಎಷ್ಟು ಖುಷಿ!

ಕೊರತೆ ಎರಡು. ಟ್ಯೂಬಿನ ಬಾಯಿ ದೊಡ್ಡದು, ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ. ಕೈಗೆ ಹತ್ತಿದ ಕಪ್ಪು ಎರಡು ದಿನ ಹೋಗಲ್ಲ. ಪೇಸ್ಟ್ ಕೊಂಡ ಮೇಲೆ ಸುಮ್ನೆ ರೈಫಲ್ ಬಿಚ್ಚಲು ಹೋಗಬೇಡಿ. ಒಳಗಿನ ಸ್ಪ್ರಿಂಗ್ ಬಿಗಿದುಕೊಂಡೇ ಇರುತ್ತದೆ, ಅದನ್ನು ಒತ್ತಿ ಹಿಡಿದು ನಿಧಾನಕ್ಕೆ ಸಡಿಲಿಸುವ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು.